ಮುಸ್ಸಂಜೆಯನ್ನು ಗುರುತಿಸುವ ರೋಧಕವೂ ಹೊಲದ ಬೆಳಕಿನ ಬಲೆಯೂ
(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಏಜಿ.)

ಕಡಲೆಕಾಯಿ ಬೆಳೆಯುವ ಚಿತ್ರದುರ್ಗ, ತುಮಕೂರು, ಕೋಲಾರ ಮುಂತಾದ ಸೀಮೆಗಳ ಜಮೀನುದಾರರಿಗೆ ಕೆಂಪುತಲೆಯ ಕಂಬಳಿಹುಳುವಿನ ಹಾವಳಿಯನ್ನು ವರ್ಣಿಸಿ ಹೇಳಬೇಕಾದ ಆವಶ್ಯಕತೆಯಿಲ್ಲ. ಬೇಸಗೆಯೆಲ್ಲಾ ಮಣ್ಣಿನೊಳಗೆ ಕೋಶರೂಪದಲ್ಲಿ ಅಡಗಿದ್ದ ಈ ಕೀಟವು ಮುಂಗಾರಿನ ಮೊದಲ ಹದವಾದ ಮಳೆ ಬಿದ್ದೊಡನೆ ಪತಂಗವಾಗಿ ಹೊರಬೀಳುವುದು. ರಾತ್ರಿ ದೀಪದ ಬೆಳಕಿಗೆ ಮುತ್ತುವುದು. ಒಂದೊಂದು ಹೆಣ್ಣು ನೂರಾರು ಮೊಟ್ಟೆಗಳನ್ನು ಗುಂಪುಗುಂಪಾಗಿ ಇಡುವುದು. ಮರಿಗಳು ಬಲಿತು ದಂಡುದಂಡಾಗಿ ಹೊಲದಿಂದ ಹೊಲಕ್ಕೆ ನಡೆಯಲು ಮೊದಲುಮಾಡಿದ ಮೇಲೆ ರೈತನು ಮಾಡತಕ್ಕ ಪ್ರಯತ್ನಗಳೆಲ್ಲಾ ಹೆಚ್ಚು ಖರ್ಚಿನವು, ಕಡಿಮೆ ಫಲದವು. ಆದುದರಿಂದ ಪತಂಗವನ್ನೇ, ಅದು ಮೊಟ್ಟೆಯಿಡುವುದಕ್ಕೆ ಮೊದಲು, ಬೆಳಕಿನ ಬಲೆಯಿಂದ ಹಿಡಿದು ಕೊಲ್ಲುವುದು ಮೇಲು. ಬಲೆಯೆಂದರೆ ಬೇರೇನೂ ಅಲ್ಲ; ಅಗಲವಾದ ಬಾನಿಯಲ್ಲಿ ನೀರು ತುಂಬಿ, ಅದರ ಮೇಲೆ ಸ್ವಲ್ಪ ಸೀಮೆಯೆಣ್ಣೆಯನ್ನು ಹಾಕಿ, ನೀರಿನ ಮೇಲುಗಡೆ ಒಂದು ದೀಪವನ್ನು ತೂಗುಹಾಕುವುದು, ಅಷ್ಟೆ. ಕಬ್ಬು ಮೊದಲಾದ ಪೈರುಗಳ ಬೇರನ್ನು ತಿನ್ನುವ ಗೊಣ್ಣೆಹುಳುವಿನ ದುಂಬಿಗಳೂ ಮೊದಲ ಮಳೆಗಳ ತರುವಾಯ ಮುಸ್ಸಂಜೆಯ ವೇಳೆಯಲ್ಲಿಯೇ ನೆಲದಿಂದೆದ್ದು ಬರುವುವು.

ಈ ಬಲೆಯಿಂದ ಪ್ರಯೋಜನವಾಗಬೇಕಾದರೆ ದೀಪವು ಸಂಜೆಗತ್ತಲೆಯಾದ ಕೂಡಲೇ ಹೊತ್ತಿಕೊಳ್ಳಬೇಕು; ಮೂರು ನಾಲ್ಕು ಗಂಟೆಗಳಾದ ಬಳಿಕ ಆರಬೇಕು. ರಾತ್ರಿಯೆಲ್ಲಾ ಉರಿಯುವ ದೀಪವು ಶತ್ರುಕೀಟಗಳ ಜೊತೆಗೆ ನಮಗೆ ಉಪಕಾರಮಾಡುವ ಪರಾವಲಂಬಿ ಕೀಟಗಳನ್ನೂ ಕೊಲ್ಲುವುದಲ್ಲದೆ, ಬ್ಯಾಟರಿಯನ್ನೂ ಬರಿದುಮಾಡುವುದು. ಆದರೆ ಮಳೆ ಬಿದ್ದ ದಿವಸ ಮನೆಯವರೆಲ್ಲರೂ ಬಿತ್ತನೆಯ ಸಂಭ್ರಮದಲ್ಲಿರುವರು. ದೀಪ ಹಚ್ಚಬೇಕಾದ ಆಳು ಎತ್ತುಗಳಿಗೆ ಮೇವು ಹಾಕುತ್ತಿರುವನು, ಇಲ್ಲವೆ ದಣಿದು ಮಲಗಿರುವನು. ಪತಂಗಗಳು ಹೆಚ್ಚಾಗಿ ಹೊರಬೀಳುವ ಸಂಜೆಗಳು ವರ್ಷದಲ್ಲಿ ಕೆಲವೇ ಕೆಲವು. ಅವುಗಳಲ್ಲಿ ಒಂದು ತಪ್ಪಿದರೂ ಮೊಟ್ಟೆಗಳು ನೆಲಕ್ಕೆ ಬಿದ್ದಂತೆಯೇ ಸರಿ.

ಗಡಿಯಾರದ ಸ್ವಿಚ್ಚನ್ನು ಇಟ್ಟರಾಗದೆ ಎಂದು ಕೆಲವರು ಕೇಳಬಹುದು. ಬೆಂಗಳೂರಿನಲ್ಲಿ ನವೆಂಬರು ತಿಂಗಳಲ್ಲಿ ಸೂರ್ಯನು ಸಂಜೆ 5 ಗಂಟೆ 50 ನಿಮಿಷದ ಸುಮಾರಿಗೆ ಮುಳುಗಿದರೆ, ಜುಲೈ ಮೊದಲಿನಲ್ಲಿ 6 ಗಂಟೆ 50 ನಿಮಿಷದ ಸುಮಾರಿಗೆ ಮುಳುಗುತ್ತಾನೆ. ಅಂದರೆ ಒಂದು ಗಂಟೆಯ ವ್ಯತ್ಯಾಸ. ಇದಲ್ಲದೆ ಕಾರ್ಮುಗಿಲು ಕವಿದ ದಿವಸ ಹೊಲದಲ್ಲಿ ಕತ್ತಲೆಯು ಪಂಚಾಂಗವನ್ನು ಕೇಳಿಕೊಂಡು ಬರುವುದಿಲ್ಲ. ಆ ಕತ್ತಲೆಯನ್ನೇ ನೋಡಿ ದೀಪವನ್ನು ಹೊತ್ತಿಸುವ ಸಾಧನವೊಂದಿದೆ. ಅದರ ಕ್ರಯವು ಕೆಲವೇ ರೂಪಾಯಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್.ಡಿ.ಆರ್. ಎಂದು ಕೇಳಿದರೆ ಯಾರಾದರೂ ಕೊಡುವರು. ಶಾಲೆಯ ವಿಜ್ಞಾನ ಪ್ರದರ್ಶನಗಳಿಗೆಂದು ಹುಡುಗರು ಇದರಿಂದ ಆಟದ ಯಂತ್ರಗಳನ್ನು ಮಾಡುವುದುಂಟು. ಅದು ಹೊಲಕ್ಕೂ ಬರಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಇದು ನೋಡುವುದಕ್ಕೆ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ, ಐದು ಮಿಲಿಮೀಟರ್ ಅಗಲದ ಚಪ್ಪಟೆ ಬಿಲ್ಲೆ. ಅದರಿಂದ ಎರಡು ತಂತಿಗಳು ಹೊರಟಿರುವುವು. ಮುಖದ ಮೇಲೆ ಹಾವಿನಂತೆ ಸುತ್ತಿಸುತ್ತಿ ಹೋಗುವ ಒಂದು ಗೆರೆಯು ಕಾಣುವುದು. ಆ ಗೆರೆಯೇ ಕ್ಯಾಡ್ಮಿಯಂ ಸಲ್ಫೈಡ್ ಎಂಬ ವಸ್ತುವಿನ ಪಟ್ಟಿ. ಕತ್ತಲೆಯಲ್ಲಿ ಈ ವಸ್ತುವು ವಿದ್ಯುತ್ತಿಗೆ ಬಹಳವಾಗಿ ಅಡ್ಡಿಮಾಡುವುದು. ಬೆಳಕು ಬಿದ್ದರೆ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ವಿದ್ಯುತ್ತು ಸರಾಗವಾಗಿ ಹರಿಯುವುದು. ಬೆಳಕಿಗೆ ಇಂತಹ ಶಕ್ತಿಯುಂಟೆಂಬ ಸಂಗತಿಯು ಮೊದಲು ಪ್ರಕಟವಾದುದು 1873 ರಲ್ಲಿ. ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ವಿಲ್ಲೊಬಿ ಸ್ಮಿತ್ ಎಂಬ ಇಂಗ್ಲಿಷ್ ಇಂಜನಿಯರು ಸೆಲೆನಿಯಂ ಕಡ್ಡಿಗಳನ್ನು ಹೆಚ್ಚಿನ ರೋಧಕ್ಕಾಗಿ ಉಪಯೋಗಿಸುತ್ತಿದ್ದರು. ಅವುಗಳ ರೋಧವು ಒಂದೇ ಸಮನಾಗಿ ನಿಲ್ಲದೆ ಏರಿಳಿಯುತ್ತಿದ್ದುದು ಬೆಳಕಿನ ದೆಸೆಯಿಂದ ಎಂಬುದು ಆಗ ತಿಳಿದುಬಂದಿತು. ತಂತಿಯವರಿಗೆ ತೊಂದರೆಯಾಗಿ ತೋರಿದ ಗುಣವೇ ನಮಗೆ ಈಗ ಉಪಕಾರವಾಗಿದೆ.

ಈಗ ಲೆಕ್ಕವನ್ನು ನೋಡೋಣ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ಬಿರುಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸೂರ್ಯನು ಮುಳುಗುವ ಸಮಯದಲ್ಲಿ ಸುಮಾರು 400. ಮುಸ್ಸಂಜೆಯು ಮುಗಿಯುತ್ತ ಬಂದಾಗ 3 ಅಥವಾ 4. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಮೂರನೆಯ ಒಂದಂಶವೂ ಇಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು 5528 ಎಂಬ ಸಂಖ್ಯೆಯ ಬಿಲ್ಲೆ. ಇದರ ರೋಧವು 10 ಲಕ್ಸ್ ಬೆಳಕಿನಲ್ಲಿ 10 ರಿಂದ 20 ಕಿಲೋ ಓಮ್ ಇರುವುದು; ಪೂರ್ಣ ಕತ್ತಲೆಯಲ್ಲಿ ಹತ್ತು ಲಕ್ಷ ಓಮನ್ನು ಮುಟ್ಟುವುದು. ಬೆಳಕು ಹತ್ತುಪಾಲು ಹೆಚ್ಚಿದರೆ ರೋಧವೂ ಹತ್ತನೆಯ ಒಂದಂಶಕ್ಕೆ ಇಳಿಯುವುದೆಂದು ತಿಳಿಯಬಾರದು. ನಾಲ್ಕನೆಯ ಅಥವಾ ಐದನೆಯ ಒಂದಂಶಕ್ಕೆ ಮಾತ್ರ ಇಳಿಯುವುದು. ಹೀಗಾಗಿ 10 ಲಕ್ಸಿನಲ್ಲಿ 15 ಕಿಲೋ ಓಮ್ ತೋರುವ ಬಿಲ್ಲೆಯು 100 ಲಕ್ಸಿನಲ್ಲಿ ಮೂರೂವರೆ ಕಿಲೋ ಓಮನ್ನೂ, 1 ಲಕ್ಸಿನಲ್ಲಿ 65 ಕಿಲೋ ಓಮನ್ನೂ ಹೆಚ್ಚುಕಡಿಮೆ ತೋರುವುದು.

ಈ ಬಿಲ್ಲೆಯನ್ನು ದೀಪದ ತಂತಿಯ ಮಧ್ಯೆ ನೇರವಾಗಿ ಸೇರಿಸಿದರೆ ಕೆಲಸವಾಗದು. ಮೊದಲನೆಯದಾಗಿ, ಅದು ತಡೆದುಕೊಳ್ಳುವ ಶಕ್ತಿಯು ಒಂದು ವ್ಯಾಟಿನ ಹತ್ತನೆಯ ಒಂದಂಶ ಮಾತ್ರ. ಎರಡನೆಯದಾಗಿ, ಅದರ ನಡತೆಯು ನಮಗೆ ಬೇಕಾದುದಕ್ಕೆ ವಿರುದ್ಧವಾದುದು. ಹಗಲಿನಲ್ಲಿ ವಿದ್ಯುತ್ತನ್ನು ಬಿಟ್ಟು ರಾತ್ರಿಯಲ್ಲಿ ತಡೆಯುವುದು. ಆದುದರಿಂದ ಇದಕ್ಕೆ ಇನ್ನೊಂದು ಸಾಮಾನ್ಯ ರೋಧಕವನ್ನು ಜೊತೆಮಾಡಬೇಕು. ಇದನ್ನು ಕಾಲುವೆಯ ಉದಾಹರಣೆಯಿಂದ ತಿಳಿಯುವುದು ಸುಲಭ. ಒಂದೇ ಕಾಲುವೆಗೆ ಸ್ವಲ್ಪ ಅಂತರದಲ್ಲಿ ಎರಡು ಹಲಗೆಗಳನ್ನು ಅಡ್ಡಲಾಗಿ ಇಟ್ಟಿದೆಯೆಂದು ಭಾವಿಸಿರಿ. ಮೇಲಿನ ಹಲಗೆಯನ್ನು ಎತ್ತಿದರೆ ಎರಡರ ನಡುವಣ ನೀರಿನ ಮಟ್ಟವು ಏರುವುದು. ಇಳಿಸಿದರೆ, ಕೆಳಗಿನ ಹಲಗೆಯಿಂದ ನೀರು ಹೊರಟುಹೋಗಿ ಮಟ್ಟವು ಇಳಿಯುವುದು. ಮೇಲಿನ ಹಲಗೆಯೇ ಎಲ್.ಡಿ.ಆರ್.; ಅದನ್ನು ಎತ್ತುವ ಕೈಯೇ ಬೆಳಕು. ಕೆಳಗಿನದು ಬದಲಾಗದ ಜೊತೆ ರೋಧಕ. ನಡುವಣ ಮಟ್ಟವೇ ನಾವು ನೋಡತಕ್ಕ ವೋಲ್ಟೇಜು. ಎರಡು ಹಲಗೆಗಳೂ ಸಮನಾಗಿ ತೆರೆದಿರುವಾಗ ಮಟ್ಟವು ಸರಿಯಾಗಿ ಅರ್ಧದಲ್ಲಿ ನಿಲ್ಲುವುದು. 12 ವೋಲ್ಟಿನ ಬ್ಯಾಟರಿಗೆ 6 ವೋಲ್ಟು.

ಜೊತೆ ರೋಧಕದ ಆಯ್ಕೆಯಲ್ಲಿಯೇ ಅನೇಕರು ಕೆಡುವುದು. 15 ಕಿಲೋ ಓಮ್ ಜೊತೆಗಿದ್ದರೆ ಬೆಳಕು 100 ಲಕ್ಸಿನಿಂದ 10 ಕ್ಕೂ, 10 ರಿಂದ 1 ಕ್ಕೂ ಇಳಿಯುವಾಗ ನಡುವಣ ವೋಲ್ಟೇಜು 9.7 ರಿಂದ 6 ಕ್ಕೂ, 6 ರಿಂದ 2.2 ಕ್ಕೂ ಇಳಿಯುವುದು. ಇಷ್ಟು ದೊಡ್ಡ ಇಳಿತವನ್ನು ಯಾವ ಯಂತ್ರವಾದರೂ ಗುರುತಿಸಬಲ್ಲುದು. ಅದೇ, ಒಂದು ಕಿಲೋ ಓಮನ್ನು ಜೊತೆಮಾಡಿದರೆ ಇದೇ ಮೂರು ಬೆಳಕುಗಳಲ್ಲಿ 2.7, 0.75, 0.2 ಎಂದಾಗುವುದು, ಹತ್ತು ಲಕ್ಷ ಓಮನ್ನು ಜೊತೆಮಾಡಿದರೆ ಮಟ್ಟವು ಮೂರರಲ್ಲಿಯೂ 11 ವೋಲ್ಟಿನ ಮೇಲೆಯೇ ನಿಂತುಬಿಡುವುದು. ಮುಸ್ಸಂಜೆಯು ಬಂದುಹೋದರೂ ಯಂತ್ರಕ್ಕೆ ತಿಳಿಯಲೇ ಇಲ್ಲವೆಂದಾಯಿತು. ಆದುದರಿಂದ ಪುಸ್ತಕದಲ್ಲಿ ಬರೆದಿದೆಯೆಂದು ಕಣ್ಣುಮುಚ್ಚಿ ಹತ್ತು ಕಿಲೋ ಓಮನ್ನು ಕೊಂಡುತರುವುದಕ್ಕಿಂತ ಬೇರೊಂದು ಕ್ರಮವನ್ನು ಸೂಚಿಸುತ್ತೇನೆ. ಒಂದು ಮಲ್ಟಿಮೀಟರನ್ನೂ ಬಿಲ್ಲೆಯನ್ನೂ ತೆಗೆದುಕೊಂಡು, ಬಲೆಯನ್ನು ಇಡತಕ್ಕ ಹೊಲಕ್ಕೇ ಸಂಜೆ ಹೋಗಿರಿ. ಬಿಲ್ಲೆಯನ್ನು ಅದು ಮುಂದೆ ಇರತಕ್ಕ ಎತ್ತರದಲ್ಲಿ, ಅದೇ ಮುಖವಾಗಿ ಹಿಡಿಯಿರಿ. ಇನ್ನು ದೀಪ ಹಚ್ಚಬೇಕೆಂದು ನಿಮ್ಮ ಕಣ್ಣಿಗೆ ತೋರಿದ ಗಳಿಗೆಯಲ್ಲಿ ರೋಧವೆಷ್ಟೆಂದು ಅಳೆದು ಬರೆದುಕೊಳ್ಳಿರಿ. ಆ ಅಂಕಿಗೆ ಸಮೀಪವಾದ ರೋಧಕವೇ ನಿಮ್ಮ ಜೊತೆ ರೋಧಕ. ಸಂಜೆಯೆಂದರೆ ಏನೆಂಬುದು ಬಿಲ್ಲೆಗೆ ತಿಳಿಯದು. ಅದನ್ನು ಹೊಲದಲ್ಲಿ ನಿಂತು ನಾವೇ ಕಲಿಸಬೇಕು. ಒಂದು ಬಿಲ್ಲೆಯು ಇನ್ನೊಂದರಂತೆ ಇರುವುದಿಲ್ಲವಾದುದರಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿಯೇ ಅಳೆಯತಕ್ಕದ್ದು.

ಈ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಗಾಬರಿಯಾಗಬೇಕಾದುದಿಲ್ಲ. ನಮ್ಮ ಸೀಮೆಯಲ್ಲಿ ಮುಸ್ಸಂಜೆಯು ಬಹು ಬೇಗ ಕಳೆಯುವುದು. ಸೂರ್ಯಾಸ್ತದಿಂದ ಇಪ್ಪತ್ತೆರಡು ನಿಮಿಷಗಳ ಸುಮಾರಿಗೆ 400 ಲಕ್ಸು 3 ಕ್ಕೆ ಇಳಿದುಹೋಗುವುದು. ರೋಧಕದ ಆಯ್ಕೆಯಲ್ಲಿ ಇಮ್ಮಡಿಯಷ್ಟು ತಪ್ಪಿದರೂ ದೀಪವು ಐದು ನಿಮಿಷ ಹಿಂದೆಮುಂದೆ ಹೊತ್ತುವುದೇ ಹೊರತು ಬೇರೆ ಹಾನಿಯಿಲ್ಲ. ಬೆಳದಿಂಗಳಿಗಂತೂ ಈ ಯಂತ್ರವು ಮೋಸಹೋಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ಮಾತ್ರ ಎಚ್ಚರಿಕೆಯು ಅವಶ್ಯವಾಗಿ ಬೇಕು. ಕೆರೆಯ ನೀರುಗಂಟಿಗೆ ಒಂದೇ ಗುರುತನ್ನು ತೋರಿಸಿ, ನೀರು ಇದಕ್ಕಿಂತ ಮೇಲಿದ್ದರೆ ತೂಬನ್ನು ತೆರೆ, ಕೆಳಗಿದ್ದರೆ ಮುಚ್ಚು ಎಂದು ಅಪ್ಪಣೆಮಾಡಿದರೆ, ಗಾಳಿಗೆ ಎದ್ದ ಒಂದೊಂದು ಅಲೆಗೂ ಅವನು ತೆರೆಯುತ್ತ ಮುಚ್ಚುತ್ತ ಇರಬೇಕಾಗುವುದು. ಮುಸ್ಸಂಜೆಯಲ್ಲಿ ಮೋಡವೊಂದು ಸರಿದರೆ ಬೆಳಕು ಏರುವುದು, ಇನ್ನೊಂದು ಬಂದರೆ ಇಳಿಯುವುದು. ಒಂದೇ ಗುರುತುಳ್ಳ ಯಂತ್ರದ ರಿಲೇ ಸ್ವಿಚ್ಚು ಆಗ ಟಕಟಕನೆ ಬಡಿದುಕೊಂಡು ಬೇಗನೆ ಕೆಟ್ಟುಹೋಗುವುದು. ನೀರುಗಂಟಿಗೆ ಎರಡು ಗುರುತುಗಳನ್ನು ಕೊಡಬೇಕು: ಕೆಳಗಿನದನ್ನು ದಾಟಿ ಇಳಿದರೆ ಮುಚ್ಚುವುದು, ಮೇಲಿನದನ್ನು ದಾಟಿ ಏರಿದರೆ ತೆರೆಯುವುದು, ನಡುವೆ ಇದ್ದಾಗ ಸುಮ್ಮನಿರುವುದು. ಯಂತ್ರಕ್ಕೂ ಹೀಗೆಯೇ.

ಮುಂದಿನ ಕೆಲವು ಮಾತುಗಳು, ಮನೆಯಲ್ಲಿ ಬೆಸುಗೆಯ ಕೆಲಸವನ್ನು ಬಲ್ಲ ಹುಡುಗರಿದ್ದರೆ ಅವರಿಗಾಗಿ. ಯಜಮಾನರು ಇದನ್ನು ಬಿಟ್ಟು ಓದಿದರೂ ನಷ್ಟವಿಲ್ಲ. ಒಂದೇ ಟ್ರಾನ್ಸಿಸ್ಟರಿನಿಂದ ಕೆಲಸವನ್ನು ಮುಗಿಸುವ ನಕ್ಷೆಗಳು ಬಹಳ ಪ್ರಚಾರದಲ್ಲಿವೆ. ಆದರೆ ಅದು ಮುಸ್ಸಂಜೆಯಲ್ಲಿ ಅರೆಮನಸ್ಸಿನಿಂದ ತೆರೆದುಕೊಳ್ಳುವುದರಿಂದ ರಿಲೇಗೆ ಸಾಕಷ್ಟು ವಿದ್ಯುತ್ತು ಹೋಗದೆ ಅದು ಗುಂಯ್‌ಗುಡುವುದು. ಎಲ್.ಎಂ. 393 ಎಂಬ ಹೋಲಿಸುವ ಚಿಪ್ಪನ್ನು ಉಪಯೋಗಿಸುವುದು ಉತ್ತಮ. ಎಲ್.ಡಿ.ಆರ್. ಮತ್ತು ಜೊತೆ ರೋಧಕಗಳ ನಡುವಣ ಬಿಂದುವನ್ನು ಚಿಪ್ಪಿನ ಋಣ ಪ್ರವೇಶಕ್ಕೂ, 10 ಕಿಲೋ ಓಮಿನ ಎರಡು ಸಮ ರೋಧಕಗಳ ನಡುವಣ ಬಿಂದುವನ್ನು ಧನ ಪ್ರವೇಶಕ್ಕೂ ಸೇರಿಸಬೇಕು. ಹೀಗೆ ಮಾಡಿದರೆ ಬ್ಯಾಟರಿಯು ಇಳಿದಾಗ ಎರಡು ಬಿಂದುಗಳೂ ಒಟ್ಟಿಗೆ ಇಳಿಯುವುದರಿಂದ ದೀಪ ಹೊತ್ತುವ ಹೊತ್ತು ಬದಲಾಗುವುದಿಲ್ಲ. ಚಿಪ್ಪಿನ ಹೊರದಾರಿಯಿಂದ ಬ್ಯಾಟರಿಯ ಧನಕ್ಕೆ 2.2 ಕಿಲೋ ಓಮ್, ಅಲ್ಲಿಂದಲೇ ಬಿ.ಸಿ. 547 ಟ್ರಾನ್ಸಿಸ್ಟರಿನ ಬೇಸಿಗೆ 10 ಕಿಲೋ ಓಮ್. ಅಲ್ಲಿಂದಲೇ ಧನ ಪ್ರವೇಶಕ್ಕೆ ಹಿಂದಿರುಗಿ 47 ಕಿಲೋ ಓಮ್. ಈ ಕಡೆಯ ರೋಧಕವೇ ಎರಡು ಗುರುತುಗಳನ್ನು ಉಂಟುಮಾಡುವುದು. ಮೇಲೆ ಹೇಳಿದ 15 ಕಿಲೋ ಓಮಿನ ಬಿಲ್ಲೆಗೆ ದೀಪವು 7 ಲಕ್ಸಿನ ಸುಮಾರಿನಲ್ಲಿ ಹೊತ್ತಿ, ಬೆಳಗಿನಲ್ಲಿ 12 ಲಕ್ಸಿನ ಸುಮಾರಿಗೆ ಆರುವುದು. ಟ್ರಾನ್ಸಿಸ್ಟರು 12 ವೋಲ್ಟಿನ, 400 ಓಮ್ ಸುರುಳಿಯ ರಿಲೇಯನ್ನು ಎಳೆಯುವುದು. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಅದರ ಬಿಳಿಯ ಪಟ್ಟಿಯು ಧನದ ಕಡೆಗಿರುವಂತೆ, ಇಡಲು ಮರೆಯಬಾರದು. ಮಿಂಚಿಗೂ ಟ್ರ್ಯಾಕ್ಟರಿನ ದೀಪಕ್ಕೂ ಯಂತ್ರವು ಬೆದರದಂತೆ ಜೊತೆ ರೋಧಕಕ್ಕೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಸೇರಿಸಿದರೆ, ಒಂದು ಕ್ಷಣ ಬಂದುಹೋಗುವ ಬೆಳಕನ್ನು ಅದು ಬಹುಮಟ್ಟಿಗೆ ಲಕ್ಷ್ಯಕ್ಕೆ ತರುವುದಿಲ್ಲ. ಮೂರು ಗಂಟೆಗಳ ಮೇಲೆ ದೀಪವನ್ನು ಆರಿಸುವುದಕ್ಕೆ ಸಿದ್ಧವಾದ ಟೈಮರ್ ಹಲಗೆಗಳು ಅದೇ ಅಂಗಡಿಗಳಲ್ಲಿ ಸಿಕ್ಕುವುವು. ಮಲಗುವ ಮುನ್ನ ಯಾರಾದರೊಬ್ಬರು ಕೈಯಿಂದ ಆರಿಸಿದರೂ ಆಗಬಹುದು. ಹೊತ್ತಿಸಲು ಮರೆತಷ್ಟು ನಷ್ಟವು ಆರಿಸಲು ಮರೆತುದರಿಂದ ಆಗುವುದಿಲ್ಲ.

ಯಂತ್ರವು ಎಷ್ಟು ಚೆನ್ನಾಗಿದ್ದರೂ ಬಿಲ್ಲೆಯನ್ನು ಇಟ್ಟ ಜಾಗವು ಕೆಟ್ಟರೆ ಎಲ್ಲವೂ ಕೆಟ್ಟಿತು. ಒಂದು ಗ್ರಾಮದಲ್ಲಿ ಜಮೀನುದಾರರೊಬ್ಬರ ಮಗನು ಬಹಳ ಅಚ್ಚುಕಟ್ಟಾಗಿ ಮಾಡಿದ ಬಲೆಯು ರಾತ್ರಿಯೆಲ್ಲಾ ಒಂದೇ ಸಮನೆ ಮಿಣುಕುತ್ತಿದ್ದಿತು. ದಾರಿಹೋಕರು ಅದನ್ನು ಕೊಳ್ಳಿದೆವ್ವವೆಂದು ಕರೆದು ಬೇರೆ ದಾರಿಯನ್ನು ಹಿಡಿದಿದ್ದರು. ನೋಡಿದರೆ ಬಿಲ್ಲೆಯು ದೀಪಕ್ಕೆ ಎದುರಾಗಿಯೇ ಇದ್ದಿತು. ಕತ್ತಲೆಯಾಯಿತೆಂದು ದೀಪವನ್ನು ಹೊತ್ತಿಸುವುದು, ತನ್ನ ದೀಪವನ್ನೇ ನೋಡಿ ಬೆಳಗಾಯಿತೆಂದು ಆರಿಸುವುದು, ಮತ್ತೆ ಕತ್ತಲೆಯೆಂದು ಹೊತ್ತಿಸುವುದು! ಬಿಲ್ಲೆಯನ್ನು ಎರಡು ಅಂಗುಲ ಉದ್ದದ ಕರಿಯ ಕೊಳವೆಯೊಳಗೆ ಕೂಡಿಸಿ, ದೀಪಕ್ಕೆ ಬೆನ್ನುಮಾಡಿ, ಉತ್ತರದ ಆಕಾಶದ ಕಡೆಗೆ ಓರೆಯಾಗಿ ತಿರುಗಿಸಿದೊಡನೆ ದೆವ್ವವು ಬಿಟ್ಟುಹೋಯಿತು. ಪಶ್ಚಿಮಕ್ಕೆ ತಿರುಗಿಸಿದರೆ ಸಂಜೆಗೆಂಪು ನೇರವಾಗಿ ಬಿದ್ದು ದೀಪವು ತಡವಾಗಿ ಹೊತ್ತುವುದು; ಬಿಸಿಲಿನ ಕಾವಿಗೆ ಬಿಲ್ಲೆಯೂ ಬೇಗ ಹಾಳಾಗುವುದು. ಕೊಳವೆಯ ಬಾಯಿಗೆ ಗಾಜಿನ ತುಂಡನ್ನು ಅಂಟಿಸಿ ಮಳೆನೀರು ಒಳಸೇರದಂತೆ ಭದ್ರಪಡಿಸಬೇಕು. ಜೇಡರ ಬಲೆ, ಧೂಳು, ಬೆಳಕಿಗೆ ಬಂದ ಹುಳುಗಳನ್ನು ತಿನ್ನಲು ಬಂದು ಗಾಜಿನ ಮೇಲೆ ಕುಳಿತ ಹಲ್ಲಿ, ಇವುಗಳಿಂದ ಹಾಡುಹಗಲಿನಲ್ಲಿಯೇ ಸಂಜೆಯಾಗುವುದುಂಟು. ವಾರಕ್ಕೊಮ್ಮೆ ಒರಸಿದರೆ ಸಾಕು.

ಈ ಬಿಲ್ಲೆಯಿಂದ ಆಗದ ಕೆಲಸಗಳನ್ನೂ ಹೇಳಬೇಕು. ಇದರಿಂದ ಬೆಳಕನ್ನು ನಿಷ್ಕೃಷ್ಟವಾಗಿ ಅಳೆಯುವುದು ಸಾಧ್ಯವಿಲ್ಲ. ಒಂದೇ ಬೆಳಕಿನಲ್ಲಿ ಒಂದು ಬಿಲ್ಲೆಯು 10 ಎಂದರೆ ಇನ್ನೊಂದು 20 ಎನ್ನುವುದು. ಬಿಸಿಲಿನಲ್ಲಿದ್ದು ಬಂದ ಬಿಲ್ಲೆಯು ಆ ಬಿಸಿಲನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಂಡಿರುವುದು. ಪಾಲಿಹೌಸಿನಲ್ಲಿ ಪೈರಿಗೆ ಬೆಳಕು ಸಾಕೋ ಸಾಲದೋ ಎಂಬುದನ್ನು ಇದರಿಂದ ನಿರ್ಣಯಿಸಲು ಹೊರಡುವುದು ಗೇಣಿನಿಂದ ಚಿನ್ನವನ್ನು ತೂಗಿದಂತೆ. ಅಲ್ಲದೆ ಇದು ಮುಖ್ಯವಾಗಿ ಹಸಿರು ಬೆಳಕಿಗೆ ಮಿಡಿಯುವುದು. ಈ ವಿಷಯದಲ್ಲಿ ಮನುಷ್ಯನ ಕಣ್ಣಿಗೆ ಬಹು ಹತ್ತಿರ. ಪತಂಗಗಳ ಕಣ್ಣಾದರೋ ನಮಗೆ ಕಾಣದ ನೇರಳಾತೀತ ಬೆಳಕನ್ನೂ ಕಾಣುವುದು. ಬಲೆಯ ದೀಪವು ಹುಳುವಿನ ಕಣ್ಣಿಗೆ ಒಪ್ಪುವಂತಹುದಾಗಿರಲಿ, ಬಿಲ್ಲೆಯು ನಮ್ಮ ಕಣ್ಣಿನ ಸಂಜೆಯನ್ನು ನೋಡಲಿ, ಎರಡಕ್ಕೂ ವಿರೋಧವಿಲ್ಲ. ಸೌರ ಫಲಕವುಳ್ಳ ಸಿದ್ಧ ಬಲೆಗಳನ್ನು ಕೊಳ್ಳುವವರಿಗೆ ಬಹುಶಃ ಈ ಬಿಲ್ಲೆಯೇ ಬೇಕಾಗಲಾರದು. ಅಂತಹ ಅನೇಕ ದೀಪಗಳಲ್ಲಿ ಫಲಕದ ವೋಲ್ಟೇಜು ಇಳಿದುದನ್ನೇ ನೋಡಿ ಕತ್ತಲೆಯಾಯಿತೆಂದು ತಿಳಿಯುವ ಏರ್ಪಾಡಿರುವುದು.

ಬಲೆಯ ದೀಪಕ್ಕೆ 12 ವೋಲ್ಟಿನ ಬ್ಯಾಟರಿ ಮತ್ತು ಎಲ್.ಇ.ಡಿ. ದೀಪವನ್ನೇ ಉಪಯೋಗಿಸಬೇಕು. ನೀರಿನ ಬಾನಿ, ಮಳೆ, ಕತ್ತಲೆ ಇವು ಮೂರೂ ಕೂಡಿರುವಲ್ಲಿಗೆ 230 ವೋಲ್ಟಿನ ತಂತಿಯನ್ನು ಹುಡುಗರ ಕೈಯಿಂದ ಎಳೆಸುವುದು ಪ್ರಾಣಾಪಾಯಕ್ಕೆ ದಾರಿ. ಊರಿನ ಬೀದಿದೀಪಗಳು ಮಟಮಟ ಮಧ್ಯಾಹ್ನದಲ್ಲಿಯೂ ಉರಿಯುತ್ತಿರುವುದನ್ನು ಕಂಡು, ಅಲ್ಲಿಗೂ ಇಂತಹುದೇ ಸಾಧನವನ್ನು ಹಾಕಿಸಬೇಕೆಂಬ ಅಪೇಕ್ಷೆಯು ಗ್ರಾಮದ ಮುಖಂಡರಿಗೆ ಬಂದರೆ ಅದು ಯುಕ್ತವೇ. ಬೆಂಗಳೂರಿನ ಬೀದಿಗಳಿಗೆ 1905 ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಂದಿನಿಂದ ದೀಪ ಹೊತ್ತಿಸುವವನ ಮರೆವು ಹಳೆಯ ದೂರೇ ಸರಿ. ಆದರೆ ಆ ಕೆಲಸವನ್ನು ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ, ಪಂಚಾಯತಿಯ ಮೂಲಕ ಮಾಡಿಸತಕ್ಕದ್ದು.

ಕ್ಯಾಡ್ಮಿಯಂ ವಿಷವಸ್ತು. ಐರೋಪ್ಯ ಒಕ್ಕೂಟವು 2006 ರ ಜುಲೈಯಿಂದ ವಿದ್ಯುತ್ ಉಪಕರಣಗಳ ವಸ್ತುಗಳಲ್ಲಿ ಇದರ ಪ್ರಮಾಣವನ್ನು ತೂಕದಲ್ಲಿ ಶೇಕಡ 0.01 ಕ್ಕೆ ಮಿತಿಗೊಳಿಸಿತು. ನಮ್ಮ ದೇಶದ 2022 ರ ಇ-ತ್ಯಾಜ್ಯ ನಿಯಮಗಳಲ್ಲಿಯೂ ಅದೇ ಮಿತಿಯಿದೆ. ಈ ಕಾರಣದಿಂದ ಹೊಸ ಉಪಕರಣಗಳಲ್ಲಿ ಫೋಟೋಟ್ರಾನ್ಸಿಸ್ಟರುಗಳು ಇದರ ಸ್ಥಾನವನ್ನು ಹಿಡಿಯುತ್ತಿವೆ. ಗಟ್ಟಿಯಾದ ಮೇಣದ ಹೊದಿಕೆಯೊಳಗಿರುವ ಬಿಲ್ಲೆಯನ್ನು ಮುಟ್ಟುವುದರಿಂದ ಭಯವಿಲ್ಲ. ಒಡೆದುದನ್ನು ಮಾತ್ರ ತಿಪ್ಪೆಗೆ ಎಸೆಯಬಾರದು, ಕಸದೊಂದಿಗೆ ಸುಡಬಾರದು. ತಿಪ್ಪೆಯ ಗೊಬ್ಬರವು ಹೊಲಕ್ಕೆ ಹೋಗುವುದು; ಹೊಲದಿಂದ ಕಾಳಿಗೆ ಬರುವುದು. ಹಳೆಯ ಬಿಲ್ಲೆಗಳನ್ನು ಒಂದು ಶೀಶೆಯಲ್ಲಿ ಕೂಡಿಟ್ಟು ಇ-ತ್ಯಾಜ್ಯವನ್ನು ತೆಗೆದುಕೊಳ್ಳುವವರಿಗೆ ಕೊಡಬೇಕು.

ಒಬ್ಬನೇ ಜಮೀನುದಾರನು ಬಲೆಯಿಟ್ಟರೆ ಸುತ್ತಮುತ್ತಣ ಹೊಲಗಳ ಪತಂಗಗಳೆಲ್ಲಾ ಅವನ ಹೊಲದ ಕಡೆಗೇ ಬಂದು, ಬಾನಿಗೆ ಬೀಳದೆ ಉಳಿದವು ಅಲ್ಲಿಯೇ ಮೊಟ್ಟೆಯಿಡುವ ಸಂಭವವುಂಟು. ಆದಕಾರಣ ಊರಿನ ಕಡಲೆಕಾಯಿಯ ಬಯಲಿನಲ್ಲೆಲ್ಲಾ ಒಂದೇ ಸಂಜೆ ಬಲೆಗಳು ಹೊತ್ತುವಂತೆ ಮುಖಂಡರು ಏರ್ಪಡಿಸಬೇಕು. ಬಿಲ್ಲೆಗಳನ್ನು ಒಟ್ಟಾಗಿ ತರಿಸಿ, ಮುಂಗಾರಿಗೆ ಮೊದಲೇ ಮೇ ತಿಂಗಳಲ್ಲಿ ಎರಡು ಮೂರು ಸಂಜೆ ಹೊಲದಲ್ಲಿಟ್ಟು ಪರೀಕ್ಷೆಮಾಡಿ, ಮೊದಲ ಮಳೆಯ ದಿನ ಬ್ಯಾಟರಿಗಳು ತುಂಬಿರುವಂತೆ ನೋಡಿಕೊಳ್ಳತಕ್ಕದ್ದು. ಬೆಳಿಗ್ಗೆ ಬಾನಿಯಲ್ಲಿ ಬಿದ್ದ ಪತಂಗಗಳನ್ನು ಎಣಿಸಿ ದಿನವಹಿ ಬರೆದಿಟ್ಟು, ಅವು ಹೆಚ್ಚಾಗಿ ಬಿದ್ದ ದಿವಸದ ಮಾರನೆಯ ದಿನದಿಂದಲೇ ಎಲೆಗಳ ಮೇಲಿನ ಮೊಟ್ಟೆಗಳ ಗುಂಪುಗಳನ್ನು ಹುಡುಕಿ ಕಿತ್ತು ನಾಶಮಾಡುವುದಕ್ಕೆ ಆಳುಗಳನ್ನು ಹಚ್ಚಬೇಕು.